ಡ್ಯಾಗ್ನಿಯ ಬೆನ್ನು ಹತ್ತಿ ‘ಅಟ್ಲಾಸ್ ಶ್ರಗ್ಡ್’ ಓದುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಐನ್ ರ್ಯಾಂಡ್ ಬರೆದ ‘ಅಟ್ಲಾಸ್ ಶ್ರಗ್ಡ್’ ಕಾದಂಬರಿ ಕೊಂಡವರು ಜಾಸ್ತಿ, ಮುಗಿಸಿದವರು ಕಡಿಮೆ. 1957ರ ಮೊದಲ ಮುದ್ರಣವೇ 1,168 ಪುಟ ಇತ್ತು. ಮುಗಿಸಿದವರಲ್ಲೂ ಎರಡು ಪಂಗಡ. ಕೆಲವರಿಗೆ ಅದೇ ಗೀತೆ, ಅದೇ ಉಪನಿಷತ್ತು. ಇನ್ನು ಕೆಲವರು ‘ದುಡ್ಡಿದ್ದವರ ಭಜನೆ’ ಎಂದು ಮೂಗು ಮುರಿಯುತ್ತಾರೆ. ಎರಡೂ ಪಂಗಡದವರು ಮಾತಾಡುವುದು ಜಾನ್ ಗಾಲ್ಟ್ ಬಗ್ಗೆ, ಅವನ ಉದ್ದದ ಭಾಷಣದ ಬಗ್ಗೆ. ಕಾದಂಬರಿಯ ಭಾರವನ್ನು ಮೊದಲಿಂದ ಕೊನೆವರೆಗೆ ಹೊತ್ತ ಡ್ಯಾಗ್ನಿ ಟ್ಯಾಗರ್ಟ್ ಮಾತ್ರ ಪಕ್ಕಕ್ಕೆ ಸರಿದುಬಿಡುತ್ತಾಳೆ.

ನನ್ನ ಸಲಹೆ ಇಷ್ಟೇ. ಈ ಪುಸ್ತಕವನ್ನು ತತ್ವದಿಂದ ಶುರು ಮಾಡಬೇಡಿ, ಡ್ಯಾಗ್ನಿಯ ಕೆಲಸದಿಂದ ಶುರು ಮಾಡಿ. ವ್ಯಕ್ತಿವಾದ ಅಂದರೆ ಏನು ಅನ್ನುವುದನ್ನು ಅವಳ ಒಂದು ದಿನದ ದುಡಿಮೆ ತೋರಿಸಿದಷ್ಟು ಚೆನ್ನಾಗಿ ಅಲ್ಲಿನ ಯಾವ ಭಾಷಣವೂ ತೋರಿಸುವುದಿಲ್ಲ. ಆ ವಾದ ಎಲ್ಲಿ ಬಿರುಕು ಬಿಡುತ್ತದೆ ಅನ್ನುವುದೂ ಅವಳನ್ನು ಹಿಂಬಾಲಿಸಿದರೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ನಾಲ್ಕನೇ ಹಂತದಿಂದ ಮುಂದೆ ಕಥೆಯ ಗುಟ್ಟುಗಳು ಬಯಲಾಗುತ್ತವೆ. ಕುತೂಹಲ ಉಳಿಸಿಕೊಳ್ಳಬೇಕಾದವರು ಮೂರನೇ ಹಂತಕ್ಕೆ ನಿಲ್ಲಿಸಿ, ಪುಸ್ತಕದ ಮೊದಲ ಭಾಗ ಮುಗಿಸಿಕೊಂಡು ಬನ್ನಿ.

ಹಂತ 1: ಲೇಖಕಿಯ ಸಿಟ್ಟು ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ

ರ್ಯಾಂಡ್ ಹುಟ್ಟಿದ್ದು 1905ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಆಗಿನ ಹೆಸರು ಅಲೀಸಾ ರೋಸೆನ್‌ಬಾಮ್. ಅಪ್ಪನದು ಔಷಧಿ ಅಂಗಡಿ. ಕ್ರಾಂತಿಯ ನಂತರ ಬೋಲ್ಶೆವಿಕರು, ಅಂದರೆ ರಷ್ಯಾದ ಕಮ್ಯುನಿಸ್ಟರು, ಅದನ್ನು ವಶಪಡಿಸಿಕೊಂಡರು. ಕಷ್ಟಪಟ್ಟು ಕಟ್ಟಿದ ಅಂಗಡಿಯನ್ನು ‘ಜನರ ಹೆಸರಿನಲ್ಲಿ’ ಕಿತ್ತುಕೊಂಡದ್ದನ್ನು ಆ ಹುಡುಗಿ ಕಣ್ಣಾರೆ ಕಂಡಳು. 1926ರಲ್ಲಿ ಅಮೆರಿಕಕ್ಕೆ ಹೋದವರು ಮತ್ತೆ ರಷ್ಯಾಕ್ಕೆ ಕಾಲಿಡಲಿಲ್ಲ. 1943ರಲ್ಲಿ ‘ದಿ ಫೌಂಟನ್‌ಹೆಡ್’ ಅವರಿಗೆ ಹೆಸರು ತಂದುಕೊಟ್ಟಿತು. ಹದಿನಾಲ್ಕು ವರ್ಷದ ಮೇಲೆ ಬಂದದ್ದು ಈ ಕಾದಂಬರಿ.

ಇಷ್ಟು ತಿಳಿದರೆ ಸಾಕು. ‘ಫೌಂಟನ್‌ಹೆಡ್’ ಮೊದಲು ಓದಲೇಬೇಕು ಅಂತೇನಿಲ್ಲ. ಆದರೆ ಆ ಅಂಗಡಿಯನ್ನು ಮಾತ್ರ ನೆನಪಿಡಿ. ಕಾದಂಬರಿಯಲ್ಲಿ ಯಾರಾದರೂ ‘ಸಮಾಜದ ಹಿತಕ್ಕಾಗಿ’ ಅಂತ ಬಾಯಿ ತೆರೆದರೆ, ಮುಂದಿನ ಪುಟದಲ್ಲಿ ಯಾರದೋ ಗಣಿಯೋ ಕಾರ್ಖಾನೆಯೋ ಕೈತಪ್ಪುತ್ತದೆ.

ನಮ್ಮ ಓದುಗರಿಗೆ ಇದು ತೀರಾ ದೂರದ ಸಂಗತಿಯೂ ಅಲ್ಲ. ಕಾದಂಬರಿ ಬರುವ ಹಿಂದಿನ ವರ್ಷ, 1956ರಲ್ಲಿ, ಭಾರತ ತನ್ನ ಕೈಗಾರಿಕಾ ನೀತಿ ನಿರ್ಣಯ ಪ್ರಕಟಿಸಿತ್ತು. ದೊಡ್ಡ ಉದ್ಯಮಗಳು ಸರ್ಕಾರದ ಕೈಯಲ್ಲಿ, ಉಳಿದವರಿಗೆ ಲೈಸೆನ್ಸ್. ಕಾರ್ಖಾನೆ ಶುರು ಮಾಡಲೂ ಅನುಮತಿ, ದೊಡ್ಡದು ಮಾಡಲೂ ಅನುಮತಿ. 1991ರಲ್ಲಿ ಹೆಚ್ಚಿನ ಉದ್ಯಮಗಳಿಗೆ ಅದು ಹೋಯಿತು. ಆ ಕಾಲದಲ್ಲಿ ಸಣ್ಣ ಕಾರ್ಖಾನೆ ನಡೆಸಿದ ಹಿರಿಯರು ಮನೆಯಲ್ಲಿದ್ದರೆ, ಪುಸ್ತಕ ಹಿಡಿಯುವ ಮೊದಲು ಒಂದು ಗಂಟೆ ಅವರ ಹತ್ತಿರ ಕೂತು ಕೇಳಿ.

ಹಂತ 2: ನಕ್ಷೆ ಮಾಡಿಕೊಳ್ಳಿ

ಮೂರು ಭಾಗ, ಪ್ರತಿ ಭಾಗಕ್ಕೆ 10 ಅಧ್ಯಾಯ. ಭಾಗಗಳ ಹೆಸರು ಅರಿಸ್ಟಾಟಲ್‌ನ ತರ್ಕದಿಂದ ಬಂದವು: ‘ನಾನ್-ಕಾಂಟ್ರಡಿಕ್ಷನ್’, ‘ಐದರ್-ಆರ್’, ‘ಎ ಈಸ್ ಎ’. ಪರಸ್ಪರ ವಿರುದ್ಧವಾದ ಎರಡು ಸಂಗತಿ ಒಟ್ಟಿಗೆ ನಿಜವಾಗಲಾರವು. ಇದು ಇಲ್ಲವೇ ಅದು, ನಡುವೆ ಇನ್ನೊಂದಿಲ್ಲ. ಒಂದು ವಸ್ತು ಅದು ಏನೋ ಅದೇ. ಕಥೆಯೂ ಹೀಗೇ ಬಿಗಿಯಾಗುತ್ತಾ ಹೋಗುತ್ತದೆ. ಮೊದಲು ಗೋಜಲು, ಆಮೇಲೆ ಆಯ್ಕೆ, ಕೊನೆಗೆ ತೀರ್ಮಾನ.

ಕಾಲ ಯಾವುದು ಅಂತ ಲೇಖಕಿ ಹೇಳುವುದಿಲ್ಲ. ಅಮೆರಿಕವೇ, ಆದರೆ ಸೊರಗಿದ ಅಮೆರಿಕ. ಉಳಿದ ದೇಶಗಳೆಲ್ಲ ‘ಜನತಾ ರಾಜ್ಯ’ಗಳಾಗಿವೆ. ದೂರದ ಪ್ರಯಾಣಕ್ಕೆ ರೈಲೇ ಮುಖ್ಯ. ಜನ ಬೇಸತ್ತಾಗ ‘ಜಾನ್ ಗಾಲ್ಟ್ ಯಾರು?’ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಯಾರೂ ಬಯಸುವುದಿಲ್ಲ, ‘ನಮ್ಮ ಕೈಲೇನಿದೆ’ ಅನ್ನುವ ಹಾಗೆ ಆ ಮಾತು.

ಪಾತ್ರಗಳು ರಾಶಿ ರಾಶಿ. ಪುಸ್ತಕದ ಒಳಮೈಯಲ್ಲಿ ಒಂದು ಚೀಟಿ ಅಂಟಿಸಿ, ಈ ಆರು ಹೆಸರು ಬರೆದುಕೊಳ್ಳಿ. ಡ್ಯಾಗ್ನಿ, ಟ್ಯಾಗರ್ಟ್ ಟ್ರಾನ್ಸ್‌ಕಾಂಟಿನೆಂಟಲ್ ರೈಲ್ವೆಯ ಉಪಾಧ್ಯಕ್ಷೆ, ರೈಲು ಓಡಿಸುವ ಹೊಣೆ ಅವಳದು. ಅಣ್ಣ ಜೇಮ್ಸ್, ಕಂಪನಿಯ ಅಧ್ಯಕ್ಷ, ಹೊಣೆ ಬಿಟ್ಟು ಉಳಿದೆಲ್ಲ ಅವನದು. ಎಡ್ಡಿ ವಿಲ್ಲರ್ಸ್, ಅವಳ ಬಾಲ್ಯದ ಗೆಳೆಯ ಮತ್ತು ಸಹಾಯಕ. ಹ್ಯಾಂಕ್ ರಿಯರ್ಡನ್, ಉಕ್ಕಿಗಿಂತ ಗಟ್ಟಿಯಾದ ಹೊಸ ಲೋಹ ಕಂಡುಹಿಡಿದವನು. ಫ್ರಾನ್ಸಿಸ್ಕೊ ಡಾಂಕೋನಿಯ, ತಾಮ್ರದ ಗಣಿಗಳ ಒಡೆಯ, ಅವಳ ಹಳೆಯ ಪ್ರೇಮಿ. ಆರನೆಯವನು ಗಾಲ್ಟ್. ಅವನ ಮುಂದೆ ಜಾಗ ಖಾಲಿ ಬಿಡಿ.

ಹಂತ 3: ಡ್ಯಾಗ್ನಿಯ ನಿರ್ಧಾರಗಳ ಲೆಕ್ಕ ಇಡಿ

ಇಲ್ಲಿ ನಿಧಾನವಾಗಿ ಓದಿ. ಪುಸ್ತಕದ ಜೀವ ಇರುವುದು ಈ ಭಾಗದಲ್ಲೇ.

ಅವಳನ್ನು ನಾವು ಮೊದಲು ನೋಡುವುದು ‘ಕಾಮೆಟ್’ ರೈಲಿನಲ್ಲಿ. ರೈಲು ಎಲ್ಲೋ ಪಕ್ಕದ ಹಳಿಗೆ ಬಂದು ನಿಂತಿದೆ, ಎದುರಿಗೆ ಕೆಂಪು ಸಿಗ್ನಲ್. ಸಿಗ್ನಲ್ ಕೆಟ್ಟಿರಬಹುದು ಎಂದು ಸಿಬ್ಬಂದಿಗೂ ಅನುಮಾನ ಇದೆ. ಆದರೆ ಯಾರೂ ಕದಲುವುದಿಲ್ಲ. ನಿಂತೇ ಇದ್ದರೆ ತಪ್ಪು ಯಾರ ಮೇಲೂ ಬರುವುದಿಲ್ಲ, ಹೊರಟರೆ ಬರುತ್ತದೆ. ಡ್ಯಾಗ್ನಿ ಇಳಿದು ಬಂದು ವಿಚಾರಿಸುತ್ತಾಳೆ. ಮುಂದಿನ ಸಿಗ್ನಲ್‌ವರೆಗೆ ಹುಷಾರಾಗಿ ಹೋಗಿ, ಅದು ಸರಿಯಿದ್ದರೆ ಮುಖ್ಯ ಹಳಿಗೆ ಹತ್ತಿಸಿ ಅನ್ನುತ್ತಾಳೆ. ಹೇಳುವುದಕ್ಕೆ ನೀವು ಯಾರು ಅಂತ ಡ್ರೈವರ್ ಕೇಳಿದ ಮೇಲಷ್ಟೇ ಹೆಸರು ಹೊರಗೆ ಬರುತ್ತದೆ.

ಸರ್ಕಾರಿ ಕಚೇರಿಯಲ್ಲಿ ಫೈಲ್ ಯಾಕೆ ನಿಲ್ಲುತ್ತದೆ ಅನ್ನುವುದು ಗೊತ್ತಿರುವವರಿಗೆ ಈ ದೃಶ್ಯ ವಿವರಿಸಬೇಕಾಗಿಲ್ಲ, ಅಲ್ವಾ? ರ್ಯಾಂಡ್ ಪ್ರಕಾರ ಸ್ವಾವಲಂಬನೆ ಅಂದರೆ ಮೊದಲಿಗೆ ಇದು: ಕಣ್ಣೆದುರು ಕಂಡದ್ದನ್ನು ತಾನೇ ತೂಗಿ ನೋಡುವುದು, ಪರಿಣಾಮ ಏನೇ ಆಗಲಿ ತನ್ನ ತಲೆ ಮೇಲೆ ಹಾಕಿಕೊಳ್ಳುವುದು.

ಓದುವಾಗ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅವಳ ಪ್ರತಿ ದೊಡ್ಡ ನಿರ್ಧಾರಕ್ಕೆ ಮೂರು ಸಾಲು ಬರೆಯಿರಿ. ಏನು ನಿರ್ಧರಿಸಿದಳು? ಯಾವ ಆಧಾರದ ಮೇಲೆ? ಕೈ ಸುಟ್ಟರೆ ಯಾರ ಕೈ ಸುಡುತ್ತದೆ?

ರಿಯರ್ಡನ್ ಲೋಹದ ವಿಷಯವನ್ನೇ ತೆಗೆದುಕೊಳ್ಳಿ. ಕೊಲರಾಡೊಗೆ ಹೋಗುವ ರಿಯೊ ನಾರ್ಟೆ ಮಾರ್ಗದ ಹಳಿಗಳು ಸವೆದಿವೆ. ಬೇರೆ ಯಾರೂ ಬಳಸದ ಹೊಸ ಲೋಹದಲ್ಲಿ ಹಳಿ ಹಾಕಿಸಲು ಡ್ಯಾಗ್ನಿ ತೀರ್ಮಾನಿಸುತ್ತಾಳೆ. ತಜ್ಞರು ಯಾರು ಒಪ್ಪಿದ್ದಾರೆ ಅಂತ ಅಣ್ಣ ಚಡಪಡಿಸುತ್ತಾನೆ. ಅವಳು ಓದಿದ್ದು ಎಂಜಿನಿಯರಿಂಗ್. ಲೋಹದ ಸೂತ್ರ ನೋಡಿದ್ದಾಳೆ, ಪರೀಕ್ಷೆಗಳನ್ನು ನೋಡಿದ್ದಾಳೆ. ಅವಳಿಗೆ ಅಷ್ಟು ಸಾಕು. ಆಧಾರದ ಕಡೆ ಗಮನ ಕೊಡಿ. ಇದು ‘ನನ್ನ ಮನಸ್ಸು ಹೇಳ್ತಿದೆ’ ಅನ್ನುವ ಜಾತಿಯ ಧೈರ್ಯ ಅಲ್ಲ. ಈಗಿನ ಎಷ್ಟೋ ‘ಗಟ್ಟಿಗಿತ್ತಿ’ ನಾಯಕಿಯರು ಬರೀ ಬಾಯಿಜೋರಿನವರು. ಡ್ಯಾಗ್ನಿ ಲೆಕ್ಕ ಬಲ್ಲವಳು.

ಒತ್ತಡ ಜಾಸ್ತಿಯಾದಾಗ ಕಂಪನಿಯೇ ಹಿಂಜರಿಯುತ್ತದೆ. ಆಗ ಅವಳು ಹುದ್ದೆಯಿಂದ ತಾತ್ಕಾಲಿಕವಾಗಿ ಹೊರಬಂದು, ಬೇರೆಯದೇ ಕಂಪನಿ ಮಾಡಿ, ಸ್ವಂತ ಹೊಣೆಯ ಮೇಲೆ ಹಳಿ ಹಾಕಿಸುತ್ತಾಳೆ. ಮಾರ್ಗಕ್ಕೆ ಇಡುವ ಹೆಸರು ‘ಜಾನ್ ಗಾಲ್ಟ್ ಲೈನ್’. ಜನರ ಹತಾಶೆಯ ಮಾತಿಗೆ ಅವಳು ಹಾಕುವ ಸವಾಲು ಅದು. ಮೊದಲ ರೈಲು ಓಡಿಸಲು ಯಾರು ಬರುತ್ತೀರಿ ಎಂದು ಕೇಳಿದಾಗ ಡ್ರೈವರ್‌ಗಳು ತಾವಾಗಿ ಹೆಸರು ಕೊಡುತ್ತಾರೆ. ಗೂಡ್ಸ್ ರೈಲು, ಗಂಟೆಗೆ ಸರಾಸರಿ 100 ಮೈಲಿ ವೇಗ. ಎಂಜಿನ್‌ನಲ್ಲಿ ಡ್ರೈವರ್ ಜೊತೆ ಡ್ಯಾಗ್ನಿ ಮತ್ತು ರಿಯರ್ಡನ್. ಮೊದಲ ಭಾಗದ ಎಂಟನೇ ಅಧ್ಯಾಯ ಇದು. ಇಡೀ ಪುಸ್ತಕದಲ್ಲಿ ಒಂದೇ ಅಧ್ಯಾಯ ಓದಲು ಸಮಯ ಇದ್ದರೆ ಇದನ್ನೇ ಓದಿ. ದುಡಿಮೆಯ ಸುಖವನ್ನು ಇಷ್ಟು ಮೈದುಂಬಿ ಬರೆದ ಪುಟಗಳು ಅಪರೂಪ. ರ್ಯಾಂಡ್ ಕಾದಂಬರಿಗಾಗಿ ನಿಜವಾದ ರೈಲು ಎಂಜಿನ್ ಹತ್ತಿ ಪ್ರಯಾಣ ಮಾಡಿದ್ದರು. ಅದು ಇಲ್ಲಿ ಗೊತ್ತಾಗುತ್ತದೆ.

ಹಂತ 4: ಸ್ವಾವಲಂಬಿ ಅಂದರೆ ಒಂಟಿ ಅಲ್ಲ, ಇದನ್ನು ಪರೀಕ್ಷೆ ಮಾಡಿ

ಡ್ಯಾಗ್ನಿಗೆ ರಿಯರ್ಡನ್ ಬೇಕು, ಎಡ್ಡಿ ಬೇಕು, ಆ ಡ್ರೈವರ್‌ಗಳು ಬೇಕು. ರ್ಯಾಂಡ್ ಇದನ್ನು ಅಲ್ಲಗಳೆಯುವುದಿಲ್ಲ. ಅವರ ಷರತ್ತು ಒಂದೇ: ಸಂಬಂಧ ಕೊಡು-ಕೊಳ್ಳುವಿಕೆಯಾಗಿರಬೇಕು. ಹಂಗು ಇರಬಾರದು, ಭಿಕ್ಷೆ ಇರಬಾರದು. ರಿಯರ್ಡನ್ ತನ್ನ ಲೋಹದ ಮೊದಲ ಎರಕದಿಂದ ಹೆಂಡತಿಗೆ ಬಳೆ ಮಾಡಿಸುತ್ತಾನೆ. ಅವಳು ಅದನ್ನು ಅಣಕ ಮಾಡುತ್ತಾಳೆ. ಡ್ಯಾಗ್ನಿ ತನ್ನ ವಜ್ರದ ಬಳೆ ಬಿಚ್ಚಿಕೊಟ್ಟು ಅದನ್ನು ಪಡೆಯುತ್ತಾಳೆ. ನೂರು ಪುಟ ತತ್ವ ಹೇಳುವುದನ್ನು ಆ ಒಂದು ಅದಲು-ಬದಲು ಹೇಳಿಬಿಡುತ್ತದೆ.

ಈಗ ಎದುರು ಪ್ರಶ್ನೆ ಹಾಕಿ. ಡ್ಯಾಗ್ನಿಗೆ ಮಕ್ಕಳಿಲ್ಲ. ಹಾಸಿಗೆ ಹಿಡಿದ ಅತ್ತೆಯಿಲ್ಲ. ನೋಡಿಕೊಳ್ಳಬೇಕಾದ ಅಪ್ಪನೂ ಇಲ್ಲ. ಕೊಡು-ಕೊಳ್ಳುವಿಕೆಯ ಲೆಕ್ಕಕ್ಕೆ ಸಿಗದ ಸಂಬಂಧಗಳು ಎಲ್ಲರ ಮನೆಯಲ್ಲೂ ಇರುತ್ತವೆ. ಕಾದಂಬರಿ ಅವುಗಳ ಹತ್ತಿರ ಹೋಗುವುದೇ ಇಲ್ಲ. ರಿಯರ್ಡನ್‌ಗೆ ಕುಟುಂಬ ಇದೆ, ಆದರೆ ಅಮ್ಮ, ತಮ್ಮ, ಹೆಂಡತಿ ಮೂವರೂ ಅವನ ರಕ್ತ ಹೀರುವವರು. ಎಣಿಕೆ ಮೊದಲೇ ಸರಿ ಬರುವ ಹಾಗೆ ಜೋಡಿಸಿದ್ದಾರೆ ಅನಿಸದೇ ಇರದು.

ಡ್ಯಾಗ್ನಿಯನ್ನು ಸ್ತ್ರೀವಾದಿ ನಾಯಕಿ ಎನ್ನುವ ಮೊದಲು ಎರಡು ವಿಷಯ ಗಮನಿಸಿ. ಪ್ರಣಯದ ದೃಶ್ಯಗಳಲ್ಲಿ ಗಂಡಸಿನ ಬಲಕ್ಕೆ ಶರಣಾಗುವುದೇ ಅವಳ ಸುಖ ಎಂಬ ಹಾಗೆ ಬರೆದಿದ್ದಾರೆ. ಓದುವಾಗ ಮುಜುಗರ ಆದರೆ ಅದು ನಿಮ್ಮ ತಪ್ಪಲ್ಲ. ಇನ್ನೊಂದು, 1968ರಲ್ಲಿ ಬರೆದ ಪ್ರಬಂಧದಲ್ಲಿ ರ್ಯಾಂಡ್, ಹೆಣ್ಣು ಅಮೆರಿಕದ ಅಧ್ಯಕ್ಷೆಯಾಗಲು ಬಯಸಬಾರದು ಎಂದು ವಾದಿಸಿದರು. ರೈಲ್ವೆ ನಡೆಸಲು ಅಡ್ಡಿಯಿಲ್ಲ, ದೇಶ ನಡೆಸುವಂತಿಲ್ಲ! ಪಾತ್ರ ಲೇಖಕಿಗಿಂತ ಮುಂದೆ ಹೋಗಿದೆ ಎಂದೇ ನನ್ನ ಭಾವನೆ.

ಹಂತ 5: ತತ್ವವನ್ನು ಘಟನೆಗಳಿಂದ ಹೆಕ್ಕಿ ತೆಗೆಯಿರಿ

ರ್ಯಾಂಡ್ ತಮ್ಮ ತತ್ವಕ್ಕೆ ‘ಆಬ್ಜೆಕ್ಟಿವಿಸಂ’ ಎಂದು ಹೆಸರಿಟ್ಟರು. ಅದಕ್ಕೆ ನಾಲ್ಕು ಕಂಬ. ಜಗತ್ತು ನಮ್ಮ ಇಷ್ಟಾನಿಷ್ಟಗಳನ್ನು ಕೇಳದೆ ತನ್ನ ಪಾಡಿಗೆ ಇದೆ. ಅದನ್ನು ಅರಿಯಲು ವಿವೇಚನೆಯೊಂದೇ ದಾರಿ. ಪ್ರತಿ ಮನುಷ್ಯನ ಬದುಕು ಅವನಿಗಾಗಿಯೇ, ಇನ್ನೊಬ್ಬರಿಗೆ ಬಲಿಯಾಗಲೂ ಬಾರದು, ಇನ್ನೊಬ್ಬರನ್ನು ಬಲಿ ಕೊಡಲೂ ಬಾರದು. ಸರ್ಕಾರದ ಕೈ ಸೋಂಕದ ಮುಕ್ತ ಮಾರುಕಟ್ಟೆಯೇ ಇದಕ್ಕೆ ತಕ್ಕ ವ್ಯವಸ್ಥೆ.

ಮೂರನೆಯ ಕಂಬದ ಬಗ್ಗೆಯೇ ಗದ್ದಲ ಜಾಸ್ತಿ. ಅದನ್ನು ಅರ್ಥ ಮಾಡಿಕೊಳ್ಳಲು ಎರಡನೇ ಭಾಗದ ಕೊನೆಯಲ್ಲಿ ರೈಲು ಹತ್ತಿದ ಅಲೆಮಾರಿಯೊಬ್ಬ ಡ್ಯಾಗ್ನಿಗೆ ಹೇಳುವ ಕಥೆ ಓದಿ. ಅವನು ಕೆಲಸ ಮಾಡುತ್ತಿದ್ದ ಮೋಟಾರ್ ಕಾರ್ಖಾನೆಯಲ್ಲಿ ಹೊಸ ನಿಯಮ ಬರುತ್ತದೆ. ಶಕ್ತಿ ಇದ್ದಷ್ಟು ದುಡಿ, ಅಗತ್ಯ ಇದ್ದಷ್ಟು ತಗೋ. ಅಗತ್ಯ ಯಾರದು ದೊಡ್ಡದು ಅಂತ ಸಭೆ ಸೇರಿ ಓಟು ಹಾಕುವುದು. ಚೆನ್ನಾಗಿ ದುಡಿದವನಿಗೆ ಓವರ್‌ಟೈಮ್ ಶಿಕ್ಷೆ. ಜನ ತಮ್ಮ ಜಾಣ್ಮೆ ಬಚ್ಚಿಡಲು ಕಲಿಯುತ್ತಾರೆ. ಪಕ್ಕದ ಮನೆಯಲ್ಲಿ ಮಗು ಹುಟ್ಟಿದರೆ ಸಿಟ್ಟಾಗಲು ಕಲಿಯುತ್ತಾರೆ. ಒಳ್ಳೆಯ ಜನರನ್ನೇ ಕೆಟ್ಟವರನ್ನಾಗಿ ಮಾಡಿದ ನಿಯಮದ ಕಥೆ ಇದು. ರ್ಯಾಂಡ್ ಅವರನ್ನು ಒಪ್ಪದವರೂ ಈ ಪುಟಗಳಿಗೆ ಉತ್ತರ ಹುಡುಕಬೇಕು.

ಹಾಗೆಯೇ ಅವರ ಅಭಿಮಾನಿಗಳು ಉತ್ತರ ಹುಡುಕಬೇಕಾದ ದೃಶ್ಯವೂ ಎರಡನೇ ಭಾಗದಲ್ಲೇ ಇದೆ, ಏಳನೇ ಅಧ್ಯಾಯದಲ್ಲಿ. 8 ಮೈಲಿ ಉದ್ದದ ಸುರಂಗ. ಡೀಸೆಲ್ ಎಂಜಿನ್ ಸಿಗುವುದಿಲ್ಲ. ರೈಲಿನಲ್ಲಿ ಒಬ್ಬ ರಾಜಕಾರಣಿ, ಅವನಿಗೆ ಅವಸರ. ಕಲ್ಲಿದ್ದಲು ಎಂಜಿನ್ ಹೂಡಿ ಒಳಗೆ ಕಳಿಸಿದರೆ ಹೊಗೆಗೆ ಎಲ್ಲರೂ ಸಾಯುತ್ತಾರೆ ಎಂದು ರೈಲ್ವೆಯವರಿಗೆ ಗೊತ್ತು. ಆದರೂ ಒಬ್ಬೊಬ್ಬರೂ ಹೊಣೆಯನ್ನು ಕೆಳಗಿನವರ ಮೇಲೆ ಜಾರಿಸುತ್ತಾ ಹೋಗುತ್ತಾರೆ. ಮೊದಲ ದೃಶ್ಯದ ಕೆಂಪು ಸಿಗ್ನಲ್ ಇಲ್ಲಿ ಕೊಲೆಗಾರನಾಗುತ್ತದೆ. ಇಲ್ಲಿಯವರೆಗೆ ಬರವಣಿಗೆ ಅದ್ಭುತ. ಆಮೇಲೆ ಲೇಖಕಿ ಬೋಗಿ ಬೋಗಿಯಾಗಿ ಪ್ರಯಾಣಿಕರನ್ನು ತೋರಿಸಿ, ಇವರು ಇಂಥ ತಪ್ಪು ವಿಚಾರ ನಂಬಿದವರು ಎಂದು ಪಟ್ಟಿ ಮಾಡುತ್ತಾರೆ. ಇವರ ಸಾವಿನಲ್ಲಿ ಇವರದೂ ಪಾಲಿದೆ ಎಂಬ ಧ್ವನಿ. ಒಬ್ಬ ತಾಯಿ ಮಕ್ಕಳನ್ನು ಮಲಗಿಸುತ್ತಿರುತ್ತಾಳೆ. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂರಿ. ವ್ಯಕ್ತಿಯೇ ದೊಡ್ಡವನು ಅನ್ನುವ ಕಾದಂಬರಿ ಇಲ್ಲಿ ವ್ಯಕ್ತಿಗಳನ್ನು ಅಭಿಪ್ರಾಯದ ಲೇಬಲ್ ಹಚ್ಚಿ ಸಾಯಿಸುತ್ತದೆ.

ಈಗ ಡ್ಯಾಗ್ನಿಯನ್ನು ನೋಡಿ. ‘ಡೈರೆಕ್ಟಿವ್ 10-289’ ಎಂಬ ಆದೇಶ ಬಂದಿದೆ. ಕೆಲಸ ಬಿಡುವಂತಿಲ್ಲ, ಕಾರ್ಖಾನೆ ಮುಚ್ಚುವಂತಿಲ್ಲ, ಪೇಟೆಂಟ್‌ಗಳೆಲ್ಲ ಸರ್ಕಾರಕ್ಕೆ. ಅವಳು ರಾಜೀನಾಮೆ ಎಸೆದು ಬೆಟ್ಟದ ಮನೆಗೆ ಹೋಗಿದ್ದಾಳೆ. ಸುರಂಗದ ಸುದ್ದಿ ರೇಡಿಯೊದಲ್ಲಿ ಬಂದದ್ದೇ ತಡ, ಫ್ರಾನ್ಸಿಸ್ಕೊ ಬೇಡವೆಂದು ಕೂಗುತ್ತಿದ್ದರೂ ವಾಪಸ್ ಓಡುತ್ತಾಳೆ. ಸಮರ್ಥರೆಲ್ಲ ಕೆಲಸ ಬಿಟ್ಟು ಹೊರಬಂದು, ಈ ವ್ಯವಸ್ಥೆ ತಾನಾಗಿ ಕುಸಿಯಲು ಬಿಡಬೇಕು ಅನ್ನುವ ಲೇಖಕಿಯ ತರ್ಕದ ಪ್ರಕಾರ ಅವಳು ಮಾಡಿದ್ದು ತಪ್ಪು. ಓದುಗನಿಗೆ ಮಾತ್ರ ಅವಳು ಅತ್ಯಂತ ದೊಡ್ಡವಳಾಗಿ ಕಾಣುವುದು ಆ ಕ್ಷಣದಲ್ಲೇ.

ಹಂತ 6: ಭಾಷಣಕ್ಕೆ ಬೇರೆ ಸಮಯ ಇಡಿ

ಮೂರನೇ ಭಾಗದ ಏಳನೇ ಅಧ್ಯಾಯದಲ್ಲಿ ಗಾಲ್ಟ್ ರೇಡಿಯೊದಲ್ಲಿ ಮಾತಾಡುತ್ತಾನೆ. ಕಥೆಯೊಳಗೆ ಮೂರು ಗಂಟೆ, ಪುಸ್ತಕದಲ್ಲಿ ಸುಮಾರು 60 ಪುಟ. ಮೊದಲ ಸಲ ಬರೀ ಶುರುವಿನ ಕೆಲವು ಪುಟ ಓದಿ, ಮುಂದಿನ ಅಧ್ಯಾಯಕ್ಕೆ ಹಾರಿ. ಕಥೆ ಮುಗಿದ ಮೇಲೆ ವಾಪಸ್ ಬನ್ನಿ, ದಿನಕ್ಕೆ ಹತ್ತು ಪುಟದಂತೆ ಪೆನ್ಸಿಲ್ ಹಿಡಿದು ಓದಿ. ಪ್ರತಿ ವಾದದ ಪಕ್ಕ, ಇದನ್ನು ತೋರಿಸಿದ ಘಟನೆ ಯಾವುದು ಅಂತ ಬರೆಯಿರಿ. ಘಟನೆ ಸಿಗದ ವಾದಗಳಿಗೆ ಒಂದು ಅಡ್ಡಗೆರೆ ಹಾಕಿ. ಚರ್ಚೆಗೆ ಅವೇ ಸರಿಯಾದ ಜಾಗ.

ಆ ಮೂರು ಗಂಟೆ ಡ್ಯಾಗ್ನಿ ಏನು ಮಾಡುತ್ತಾಳೆ? ನಿಂತು ಕೇಳಿಸಿಕೊಳ್ಳುತ್ತಾಳೆ. ಅದಕ್ಕೂ ಮುಂಚೆ, ಹಾಗೆ ಕೆಲಸ ಬಿಟ್ಟು ಬಂದ ಪ್ರತಿಭಾವಂತರು ಸೇರಿರುವ ಗಾಲ್ಟ್‌ನ ಗುಪ್ತ ಕಣಿವೆಯಲ್ಲಿ, ಊಟ-ವಸತಿಯ ಖರ್ಚು ತೀರಿಸಲು ಅವನ ಮನೆಗೆಲಸಕ್ಕೆ ಸೇರುತ್ತಾಳೆ. ಯಾರ ಹಂಗೂ ಬೇಡ ಎಂಬ ಸ್ವಾಭಿಮಾನ ಅಂತ ಓದಬಹುದು. ಭೂಖಂಡದ ಉದ್ದಕ್ಕೂ ರೈಲು ಓಡಿಸಿದವಳ ಕೈಗೆ ಕೊನೆಗೂ ಸೌಟು ಕೊಟ್ಟರು ಅಂತಲೂ ಓದಬಹುದು. ನನಗೆ ಎರಡನೆಯದೇ ಹತ್ತಿರ.

ಹಂತ 7: ಪುಸ್ತಕದ ಹೊರಗೆ ಬಂದು ತಾಳೆ ನೋಡಿ

ಟ್ಯಾಗರ್ಟ್ ವಂಶದ ಮೂಲಪುರುಷ ಸರ್ಕಾರದ ಒಂದು ಕಾಸೂ ಮುಟ್ಟದೆ ರೈಲ್ವೆ ಕಟ್ಟಿದ ಎನ್ನುತ್ತದೆ ಕಾದಂಬರಿ. ನಿಜವಾದ ಅಮೆರಿಕದಲ್ಲಿ 1862ರ ಕಾಯ್ದೆ ಯೂನಿಯನ್ ಪೆಸಿಫಿಕ್, ಸೆಂಟ್ರಲ್ ಪೆಸಿಫಿಕ್ ಕಂಪನಿಗಳಿಗೆ ಸರ್ಕಾರಿ ಭೂಮಿ ಮತ್ತು ಬಾಂಡ್ ಸಾಲ ಕೊಟ್ಟಿತು. 1869ರಲ್ಲಿ ಆ ಹಳಿಗಳು ಕೂಡಿದವು. ಪಶ್ಚಿಮದ ಬೆಟ್ಟಗಳಲ್ಲಿ ಅದಕ್ಕೆ ಬೆವರು ಸುರಿಸಿದವರು ಸಾವಿರಾರು ಚೀನೀ ಕೂಲಿಗಳು. ಹಾಗಂತ ಕಾದಂಬರಿಯದು ಬರೀ ಕಟ್ಟುಕಥೆಯೂ ಅಲ್ಲ. ಜೇಮ್ಸ್ ಹಿಲ್ ಎಂಬಾತ ಗ್ರೇಟ್ ನಾರ್ದರ್ನ್ ರೈಲ್ವೆಯನ್ನು ಬಹುಮಟ್ಟಿಗೆ ಅಂಥ ನೆರವಿಲ್ಲದೆ 1893ರಲ್ಲಿ ಪೆಸಿಫಿಕ್ ಕರಾವಳಿಗೆ ಮುಟ್ಟಿಸಿದ್ದ.

ಇನ್ನೊಂದು ತಾಳೆ ಅಲನ್ ಗ್ರೀನ್‌ಸ್ಪ್ಯಾನ್ ಅವರದು. ಯುವಕನಾಗಿದ್ದಾಗ ರ್ಯಾಂಡ್ ಅವರ ಆಪ್ತ ಬಳಗದಲ್ಲಿದ್ದರು. 1987ರಿಂದ 2006ರವರೆಗೆ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ ಅಧ್ಯಕ್ಷ. 2008ರ ಬ್ಯಾಂಕ್ ಕುಸಿತದ ನಂತರ ಸಂಸತ್ತಿನ ಸಮಿತಿಯ ಮುಂದೆ ಕೂತು, ಸಾಲ ಕೊಡುವ ಸಂಸ್ಥೆಗಳು ಸ್ವಹಿತಕ್ಕಾದರೂ ಎಚ್ಚರದಿಂದ ಇರುತ್ತವೆ ಎಂಬ ತಮ್ಮ ನಂಬಿಕೆಯಲ್ಲಿ ದೋಷ ಕಂಡಿತು ಎಂದು ಒಪ್ಪಿಕೊಂಡರು. ಮೂರನೆಯ ಕಂಬಕ್ಕೆ ಬಿದ್ದ ಪೆಟ್ಟು ಇದು. ಆ ಬ್ಯಾಂಕುಗಳಲ್ಲಿ ಡ್ಯಾಗ್ನಿಗಳು ಇರಲಿಲ್ಲ, ಜೇಮ್ಸ್‌ಗಳೇ ಇದ್ದರು ಅಂತ ಅಭಿಮಾನಿಗಳು ಹೇಳಬಹುದು. ಆ ವಾದವನ್ನೂ ನೋಟ್‌ಬುಕ್‌ಗೆ ಹಾಕಿ.

ನಾವು ಕನ್ನಡಿಗರು ಇದನ್ನು ಓದುವಾಗ ‘ಇದು ನಮ್ಮ ಕಾಯಕವೇ ಅಲ್ವಾ’ ಅನ್ನುವ ಆಸೆ ಹುಟ್ಟುತ್ತದೆ. ಅರ್ಧ ನಿಜ. ಆಯ್ದಕ್ಕಿ ಲಕ್ಕಮ್ಮನನ್ನು ಡ್ಯಾಗ್ನಿಯ ಪಕ್ಕ ಕೂರಿಸಿ ನೋಡಿ. ಇಬ್ಬರಿಗೂ ಬಿಟ್ಟಿ ಕೂಳು ಆಗದು. ಇಬ್ಬರೂ ಎದುರಿಗಿರುವ ಗಂಡಸಿಗೆ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವವರು. ಆದರೆ ಗಂಡ ಮಾರಯ್ಯ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದಾಗ ಲಕ್ಕಮ್ಮ ಹಿಂದಕ್ಕೆ ಕಳಿಸುತ್ತಾಳೆ. ಅವಳ ಕಾಯಕದ ಜೊತೆ ದಾಸೋಹ ಇದೆ, ಆಸೆಗೆ ಗೆರೆ ಇದೆ. ಡ್ಯಾಗ್ನಿಯ ಲೋಕದಲ್ಲಿ ದಾಸೋಹಕ್ಕೆ ಜಾಗವಿಲ್ಲ, ಆ ಗೆರೆಯೂ ಇಲ್ಲ. ಓದುವ ಬಳಗದಲ್ಲಿ ಒಂದು ಸಂಜೆಯ ಚರ್ಚೆಗೆ ಈ ಒಂದು ಜೋಡಿ ಸಾಕು.

ಹಂತ 8: ಕೊನೆಯ ಎರಡು ಅಧ್ಯಾಯಗಳಲ್ಲಿ ಇಬ್ಬರನ್ನು ಹುಡುಕಿ

ಮಿಸಿಸಿಪ್ಪಿ ನದಿಯ ಮೇಲಿನ ಟ್ಯಾಗರ್ಟ್ ಸೇತುವೆ ನಾಶವಾದ ಸುದ್ದಿ ಬಂದಾಗ ಡ್ಯಾಗ್ನಿ ಫೋನಿಗೆ ನೆಗೆಯುತ್ತಾಳೆ. ಅಷ್ಟರಲ್ಲೇ ಕೈ ತಡೆದು, ಇಟ್ಟುಬಿಡುತ್ತಾಳೆ. ಸಾವಿರ ಪುಟಗಳ ಜಗಳ ಮುಗಿದದ್ದು ಅಲ್ಲಿ. ಅವಳು ಸಿದ್ಧಾಂತದ ಪಾಲಾಗುತ್ತಾಳೆ.

ಎರಡನೆಯವನು ಎಡ್ಡಿ ವಿಲ್ಲರ್ಸ್. ಅರಿಜೋನಾ ಮರುಭೂಮಿಯಲ್ಲಿ ಕೆಟ್ಟು ನಿಂತ ರೈಲನ್ನು ಬಿಟ್ಟು ಬರಲಾರದೆ ಉಳಿದವನು. ನಿಯತ್ತಿನಲ್ಲಿ, ದುಡಿಮೆಯಲ್ಲಿ ಡ್ಯಾಗ್ನಿಗಿಂತ ಒಂದು ಗುಲಗಂಜಿ ಕಮ್ಮಿಯಿಲ್ಲ. ಪ್ರತಿಭೆ ಅಷ್ಟಿಲ್ಲ, ಅಷ್ಟೇ. ಕಣಿವೆಗೆ ಅವನನ್ನು ಯಾರೂ ಕರೆಯುವುದಿಲ್ಲ. ಈ ತತ್ವ ಎಡ್ಡಿಗೆ ಏನು ಕೊಡುತ್ತದೆ ಅನ್ನುವುದನ್ನು ನಿಮ್ಮ ನೋಟ್‌ಬುಕ್‌ನ ಕೊನೆಯ ಪ್ರಶ್ನೆಯಾಗಿ ಬರೆಯಿರಿ, ಉತ್ತರ ಭಾಷಣದಲ್ಲಿ ಸಿಗುತ್ತದಾ ಹುಡುಕಿ.

ಇಷ್ಟು ದಪ್ಪ ಪುಸ್ತಕಕ್ಕೆ ಪುರುಸೊತ್ತಿಲ್ಲ ಅನ್ನುವವರು ರ್ಯಾಂಡ್ ಅವರ 1936ರ ‘ವೀ ದ ಲಿವಿಂಗ್’ ಹಿಡಿಯಬಹುದು. ಅದರ ಕೀರಾ ಸೋವಿಯತ್ ಪೆಟ್ರೊಗ್ರಾಡ್‌ನಲ್ಲಿ ಎಂಜಿನಿಯರ್ ಆಗಿ ಸೇತುವೆ ಕಟ್ಟುವ ಆಸೆ ಇಟ್ಟುಕೊಂಡ ಹುಡುಗಿ. ಅಲ್ಲಿ ಭಾಷಣ ಕಡಿಮೆ, ಚಳಿ ಮತ್ತು ಹಸಿವು ಜಾಸ್ತಿ. ಎದುರಾಳಿಗಳಲ್ಲೂ ಒಳ್ಳೆಯವರಿದ್ದಾರೆ. ಹೊಸಬರಿಗೆ ಅದನ್ನೇ ಮೊದಲು ಕೊಡುವುದು ಮೇಲು.